ಆ ಮಾರ್ಕೆಟ್ಟಿನ ಪ್ರಾಣಿಗಳು ಏನಾದ್ವು? ಕೊರೊನಾ ಮೂಲದ ಬಗ್ಗೆ ಒಂದು ಚರ್ಚೆ

ತುಂಗಾತೀರ
ನಮಸ್ಕಾರ ಎಲ್ರಿಗೂ. ನಾನು ತೀರ್ಥಹಳ್ಳಿ ಕಡೆ ಒಂದು ಹೈಸ್ಕೂಲಲ್ಲಿ ಸೈನ್ಸ್ ಟೀಚರ್. ಮೊನ್ನೆ ಒಂಬತ್ತನೇ ಕ್ಲಾಸಲ್ಲಿ ರೋಗಾಣುಗಳ ಪಾಠ ಮಾಡ್ತಾ, ಕೊರೊನಾ ವೈರಸ್ ಬಾವಲಿಯಿಂದ ಹೊರಟು ಮಧ್ಯೆ ಇನ್ಯಾವ್ದೋ ಪ್ರಾಣಿ ಮೂಲಕ ನಮಗೆ ಬಂದಿರಬೇಕು ಅಂತ ಹೇಳ್ತಿದ್ದೆ, ಚೀನಾದ ವುಹಾನ್ ಊರಿನ ಹುವಾನಾನ್ ಮಾರ್ಕೆಟ್ಟಿನ ಮಾತೂ ಬಂತು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು "ಮಿಸ್, ಆ ಮಾರ್ಕೆಟ್ಟಲ್ಲಿ ಇದ್ದ ಪ್ರಾಣಿಗಳನ್ನ ಹಿಡ್ದು ಟೆಸ್ಟ್ ಮಾಡಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ಲ, ಆ ಪ್ರಾಣಿಗಳು ಏನಾದ್ವು?" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ. ಸಂಜೆ ಮನೆಗೆ ಬಂದವಳು ರಾತ್ರಿ ಹನ್ನೆರಡರ ತನಕ ಓದ್ತಾ ಕೂತೆ, ಓದಿದಷ್ಟೂ ಗೋಜಲಾಯ್ತು.

ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ನೇಮಿಸಿದ ಸಾಗೋ ಅನ್ನೋ ತಜ್ಞರ ತಂಡ 2025ರ ಜೂನ್‌ನಲ್ಲಿ ವರದಿ ಕೊಟ್ಟಿದೆ. ಸಿಕ್ಕಿರೋ ಸಾಕ್ಷಿ ಹೆಚ್ಚಾಗಿ ಪ್ರಾಣಿಯಿಂದ ಬಂತು ಅನ್ನೋ ಕಡೆಗೇ ವಾಲುತ್ತೆ, ಆದ್ರೆ ವುಹಾನಿನ ಲ್ಯಾಬಿಂದ ಬಂದಿಲ್ಲ ಅಂತ ಹೇಳೋಕೂ ಆಗಲ್ಲ, ಯಾಕಂದ್ರೆ ಶುರುವಿನ ರೋಗಿಗಳಲ್ಲಿದ್ದ ವೈರಸ್ಸಿನ ನೂರಾರು ಜೀನೋಮ್ (ವೈರಸ್ಸಿನ ಪೂರ್ತಿ ಜೀನ್ ಬರಹ), ಮಾರ್ಕೆಟ್ಟಿನ ಪ್ರಾಣಿಗಳ ವಿವರ, ಲ್ಯಾಬುಗಳ ಸುರಕ್ಷತೆಯ ಮಾಹಿತಿ ಇದೆಲ್ಲ ಕೇಳಿದ್ರೂ ಚೀನಾ ಕೊಟ್ಟಿಲ್ಲ ಅಂತ ಅದ್ರ ಸಾರ. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಲ್ಯಾಬ್ ಕಡೆ ವಾಲಿತು, ಆದ್ರೆ "ಕಡಿಮೆ ಭರವಸೆ" ಅಂತ ಅವ್ರೇ ಹೇಳ್ಕೊಂಡಿದಾರೆ. ತಿಳಿದೋರು ದಯವಿಟ್ಟು ಹೇಳಿ, ಆ ಹುಡುಗಿಗೆ ನಾನೊಂದು ಉತ್ತರ ಕೊಡ್ಬೇಕು.

ಹುಬ್ಬಳ್ಳಿ ಮಂದಿ
ಟೀಚರ್, ಪ್ರಶ್ನೆ ಭಾಳ ಚಲೋ ಕೇಳ್ಯಾಳ ನಿಮ್ಮ ಹುಡುಗಿ. ಉತ್ತರನೂ ಸೀದಾ ಐತಿ ನೋಡ್ರಿ. ಮಾರ್ಕೆಟ್ಟಿನ ಪ್ರಾಣಿ ಟೆಸ್ಟ್ ಮಾಡ್ಯಾರ. 188 ಪ್ರಾಣಿಗಳಿಂದ 457 ಸ್ಯಾಂಪಲ್ ತಗೊಂಡಾರ, ಒಂದರಾಗೂ ವೈರಸ್ ಸಿಕ್ಕಿಲ್ಲ. ಇದು ಚೀನಾದ ಸಿಡಿಸಿ (ರೋಗ ನಿಯಂತ್ರಣ ಕೇಂದ್ರ) ಅವರ ಲೆಕ್ಕ, 2023ರಾಗ ನೇಚರ್ ಪತ್ರಿಕೆಯೊಳಗ ಬಂದದ್ದು. ಇಡೀ ದೇಶದಾಗ 31 ಪ್ರಾಂತ್ಯದಿಂದ 80,000ಕ್ಕೂ ಹೆಚ್ಚು ಪ್ರಾಣಿ ಸ್ಯಾಂಪಲ್ ನೋಡೀವಿ ಅಂತ ಡಬ್ಲ್ಯೂಎಚ್‌ಒ ತಂಡಕ್ಕ ಹೇಳ್ಯಾರ, ಅದರಾಗೂ ಇಲ್ಲ. ಇಷ್ಟು ಹುಡುಕಿದ್ರೂ ಸಿಗಲಿಲ್ಲಂದ್ರ, ಪ್ರಾಣಿ ಇತ್ತು ಅಂತ ಎದರ ಮ್ಯಾಲೆ ನಂಬೋದ್ರಿ? ಅದ ಊರಾಗ ಬಾವಲಿ ಕೊರೊನಾ ಮ್ಯಾಲೆ ಜಗತ್ತಿನಾಗ ಎಲ್ಲಾರಿಗಿಂತ ಹೆಚ್ಚು ಕೆಲಸ ಮಾಡಿದ ಲ್ಯಾಬ್ ಐತಿ. ನಾ ಯಾವ ಪಾರ್ಟಿ ಮನಷ್ಯಾನೂ ಅಲ್ಲ, ನನಗ ಹಂಗ ಕಾಣ್ತದ, ಹೇಳಾಕತ್ತೀನಿ.

ದನದ ಡಾಕ್ಟ್ರು
ಹುಬ್ಬಳ್ಳಿಯವರೇ, ನಾನು ಸಾಗರ, ಸೊರಬ ಕಡೆ ಪಶುವೈದ್ಯನಾಗಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವನು. 457 ಅನ್ನೋ ಅಂಕಿ ಸರಿ ಇದೆ. ಆದ್ರೆ ಯಾವ ಪ್ರಾಣಿಯ 457 ಅಂತ ನೋಡಿದ್ರಾ? ಮಾರ್ಕೆಟ್ ಮುಚ್ಚಿದ್ದು 2020 ಜನವರಿ 1ಕ್ಕೆ. ಸ್ಯಾಂಪಲ್ ತಗೊಳ್ಳೋರು ಒಳಗೆ ಹೋದಾಗ ಅಲ್ಲಿ ಉಳಿದಿದ್ದು ಫ್ರಿಜ್ಜು ಫ್ರೀಜರ್‌ಗಳಲ್ಲಿ ಬಿಟ್ಟುಹೋದ ಮಾಂಸ, ಮೊಲ, ಹಾವು, ಓಡಾಡ್ಕೊಂಡಿದ್ದ ಬೀದಿಬೆಕ್ಕುಗಳು, ಇಂಥವು. ಹೆಚ್ಚು ಅನುಮಾನ ಇರೋದು ರಕೂನ್ ನಾಯಿ ಅನ್ನೋ, ನಾಯಿ ಕುಟುಂಬದ ಒಂದು ಕಾಡುಪ್ರಾಣಿ ಮೇಲೆ; ಅದರ ಒಂದೇ ಒಂದು ಸ್ಯಾಂಪಲ್ ಅದರಲ್ಲಿಲ್ಲ. ಯಾವ ಪ್ರಾಣಿ ಮೇಲೆ ಅನುಮಾನವೋ ಅದನ್ನ ಬಿಟ್ಟು ಉಳಿದದ್ದನ್ನೆಲ್ಲ ಪರೀಕ್ಷೆ ಮಾಡಿ "ಸಿಗಲಿಲ್ಲ" ಅಂದ್ರೆ ಅದನ್ನ ನಾನು ನೆಗೆಟಿವ್ ಅಂತ ಬರ್ಕೊಳ್ಳೋದಿಲ್ಲ, ಪರೀಕ್ಷೆ ಆಗಿಲ್ಲ ಅಂತ ಬರ್ಕೊತೀನಿ.

ನಮ್ಮ ಕಡೆಯ ಮಂಗನ ಕಾಯಿಲೆ ಉದಾಹರಣೆ ಕೊಡ್ತೀನಿ. ತೋಟದಲ್ಲಿ ಮಂಗ ಸತ್ತು ಬಿದ್ದಿದೆ ಅಂತ ಫೋನ್ ಬಂದ್ರೆ ನಾವು ಊಟ ಬಿಟ್ಟು ಓಡ್ತಿದ್ವಿ. ಯಾಕಂದ್ರೆ ಮೈ ತಣ್ಣಗಾದ ಕೂಡ್ಲೆ ಉಣುಗುಗಳು ಇಳಿದು ತರಗೆಲೆ ಒಳಗೆ ಸೇರ್ಕೊಂಡ್ಬಿಡ್ತವೆ, ಬಿಸಿಲಿಗೆ ಒಂದು ದಿನ ಬಿದ್ದ ಹೆಣದಲ್ಲಿ ಅಂಗಾಂಗ ಎಲ್ಲ ಕರಗಿಹೋಗಿರುತ್ತೆ. ಗೌನು, ಗ್ಲೌಸು, ಗಂಬೂಟು ಹಾಕ್ಕೊಂಡು ಅಲ್ಲೇ ಕೂತು ಕುಯ್ದು ಮಿದುಳು, ಯಕೃತ್ತಿನ ತುಂಡು ಬಾಟ್ಲಿಗೆ ಹಾಕಿ ಐಸ್ ಡಬ್ಬಿಯಲ್ಲಿಟ್ಟು ಶಿವಮೊಗ್ಗಕ್ಕೆ ಕಳಿಸಿ, ಹೆಣ ಸುಟ್ಟು, ಸುತ್ತ ಉಣುಗು ಕೊಲ್ಲೋ ಮಲಾಥಿಯಾನ್ ಪುಡಿ ಹಾಕಿ ಬರೋದು. ಒಂದು ಸಲ ಊರಿನೋರು ಒಳ್ಳೇ ಮನಸ್ಸಿಂದ್ಲೇ ಮಂಗನ್ನ ಹೂತು, ಹೂ ಹಾಕಿ ಪೂಜೆ ಮಾಡಿ ಆಮೇಲೆ ಹೇಳಿದ್ರು. ಮೂರು ದಿನ ಆಗಿತ್ತು. ತೆಗೆಸಿ ನೋಡಿದ್ರೆ ಏನೂ ಸಿಗೋ ಹಾಗಿರ್ಲಿಲ್ಲ. ಆ ಮಂಗ ಕಾಯಿಲೆಯಿಂದ ಸತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ವುಹಾನಲ್ಲಿ ಆಗಿದ್ದೂ ಇಂಥದ್ದೇ ಅಂತ ನನ್ನ ಅನಿಸಿಕೆ, ಸ್ಯಾಂಪಲ್ ಕೈಗೆ ಬರೋ ಮೊದಲೇ ಮೈ ಮಾಯ.

ಅನುಕ್ರಮ
ಡಾಕ್ಟ್ರು ಹೇಳಿದ್ದಕ್ಕೆ ಸೇರಿಸ್ತೀನಿ. ನಾನು ಬೆಂಗಳೂರಲ್ಲಿ ಜೀನೋಮ್ ಡೇಟಾ ಕೆಲಸ ಮಾಡೋಳು. ಆ ಮಾರ್ಕೆಟ್ಟಲ್ಲಿ ರಕೂನ್ ನಾಯಿ ಇದ್ವಾ ಇಲ್ವಾ ಅಂತಾನೇ ಮೊದಮೊದಲು ಜಗಳ ಇತ್ತು. ಜೀವಂತ ಕಾಡುಪ್ರಾಣಿ ಮಾರಾಟ ಇರ್ಲಿಲ್ಲ ಅನ್ನೋ ಧಾಟಿಯಲ್ಲೇ ಅಧಿಕೃತ ಮಾತು ಇತ್ತು. ಆಮೇಲೆ 2021ರ ಜೂನ್‌ನಲ್ಲಿ ಒಂದು ಪೇಪರ್ ಬಂತು. ಉಣುಗಿನಿಂದ ಹರಡೋ ಇನ್ಯಾವ್ದೋ ಜ್ವರದ ಮೂಲ ಹುಡುಕೋಕೆ ಅಂತ ಒಬ್ರು ವುಹಾನಿನ ನಾಲ್ಕು ಮಾರ್ಕೆಟ್ಟುಗಳ 17 ಅಂಗಡಿಗಳಿಗೆ 2017ರ ಮೇಯಿಂದ 2019ರ ನವೆಂಬರ್ ತನಕ ಪ್ರತಿ ತಿಂಗಳೂ ಹೋಗಿ ಲೆಕ್ಕ ಬರ್ಕೊಂಡಿದ್ರು. 38 ಜಾತಿಯ 47,381 ಪ್ರಾಣಿಗಳು. ರಕೂನ್ ನಾಯಿ, ಪುನುಗು ಬೆಕ್ಕು, ಬಿದಿರು ಇಲಿ, ಮಿಂಕ್, ಮುಳ್ಳುಹಂದಿ ಎಲ್ಲ ಜೀವಂತ. ರಕೂನ್ ನಾಯಿ ತಿಂಗಳಿಗೆ ಸರಾಸರಿ 38 ಮಾರಾಟ ಆಗ್ತಿದ್ವು. ಬಾವಲಿನೂ ಇಲ್ಲ, ಚಿಪ್ಪುಹಂದಿನೂ ಇಲ್ಲ. 2020ರಲ್ಲಿ ಎಲ್ಲರ ಬಾಯಲ್ಲಿ ಇದ್ದ "ಬಾವಲಿ ಸೂಪ್" ಕಥೆಗೆ ಆ ಪಟ್ಟಿಯಲ್ಲಿ ಜಾಗಾನೇ ಇಲ್ಲ.

ಇನ್ನೊಂದು, ಎಡ್ವರ್ಡ್ ಹೋಮ್ಸ್ ಅನ್ನೋ ಆಸ್ಟ್ರೇಲಿಯಾದ ವೈರಾಲಜಿಸ್ಟ್ 2014ರಲ್ಲೇ ಅದೇ ಹುವಾನಾನ್ ಮಾರ್ಕೆಟ್ಟಿಗೆ ಹೋಗಿದ್ದಾಗ ಫೋಟೋ ತೆಗೆದಿದ್ರು. ಕೆಳಗೆ ಹಕ್ಕಿಗಳ ಪಂಜರ, ಅದರ ಮೇಲೆ ಕಬ್ಬಿಣದ ಪಂಜರದಲ್ಲಿ ರಕೂನ್ ನಾಯಿ. 2020ರಲ್ಲಿ ಅದೇ ಅಂಗಡಿಯಲ್ಲಿ ಐದು ಪಾಸಿಟಿವ್ ಸ್ವ್ಯಾಬ್ ಸಿಕ್ವು, ಒಂದು ಕಬ್ಬಿಣದ ಪಂಜರದ ಮೇಲೆ, ಎರಡು ತಳ್ಳುಗಾಡಿ ಮೇಲೆ, ಕೂದಲು ಪುಕ್ಕ ತೆಗೆಯೋ ಮಷೀನ್ ಮೇಲೆ. ಆ ಸುದ್ದಿ ಓದಿದ ದಿನ ನನಗೆ ನಿದ್ದೆ ಬರ್ಲಿಲ್ಲ.

ಹುಬ್ಬಳ್ಳಿ ಮಂದಿ
ಅಕ್ಕಾರ, ಪಂಜರದ ಮ್ಯಾಲೆ ವೈರಸ್ ಸಿಕ್ಕರ ಪಂಜರದೊಳಗಿನ ಪ್ರಾಣಿಗೆ ರೋಗ ಇತ್ತು ಅಂತ ಹೆಂಗಾತು? ಡಿಸೆಂಬರ್ ಪೂರ್ತಿ ಅಲ್ಲಿ ಮಂದಿ ಕೆಮ್ಮಿಕೋತ ಅಡ್ಡಾಡ್ಯಾರ. ಅಂಗಡಿಯವಗ ಜ್ವರ ಇದ್ರ ಅಂವ ಮುಟ್ಟಿದ್ದೆಲ್ಲಾ ಪಾಸಿಟಿವ್ ಬರ್ತದ. ಜೆಸ್ಸಿ ಬ್ಲೂಮ್ ಅಂತ ಅಮೆರಿಕದ ವಿಜ್ಞಾನಿ ಅದ ಡೇಟಾ ಮತ್ತ ತಗದು ನೋಡ್ಯಾರ. ರಕೂನ್ ನಾಯಿ ಡಿಎನ್ಎ ಢಾಳಾಗಿ ಇದ್ದ 14 ಸ್ಯಾಂಪಲ್ಲಿನಾಗ 13ರಾಗ ವೈರಸ್ಸಿನ ಒಂದ ತುಣುಕೂ ಇಲ್ಲ, ಉಳಿದ ಒಂದರಾಗ 20 ಕೋಟಿ ತುಣುಕಿನಾಗ ಒಂದ ಒಂದು. ವೈರಸ್ ಹೆಚ್ಚಿಗಿ ಇದ್ದದ್ದು ಮೀನಿನ ಡಿಎನ್ಎ ಇದ್ದ ಕಡೆ. ಹಂಗಾದ್ರ ಮೀನಿನಿಂದ ಬಂತೇನ್ರಿ ಕೊರೊನಾ?

ಕುಡ್ಲದ ಬೂತಾಯಿ
ಮೀನಿನ ವಿಷಯ ಬಂದದ್ದಕ್ಕೆ ನಾನು ಬರೀತೇನೆ. ನಮ್ಮದು ಅಜ್ಜನ ಕಾಲದಿಂದ ಮೀನಿನ ವ್ಯಾಪಾರ, ಮಂಗಳೂರು ದಕ್ಕೆಯಲ್ಲಿ ಬೆಳೆದವ ನಾನು. ಮೀನಿಗೆ ಈ ವೈರಸ್ ಹಿಡಿಯುದಿಲ್ಲ, ಅದು ಎಲ್ಲರಿಗೂ ಗೊತ್ತುಂಟು. ಆದ್ರೆ ಮಾರ್ಕೆಟಿನ ನೆಲ ಹೇಗೆ ಇರ್ತದೆ ಅಂತ ನೋಡದವರಿಗೆ ಗೊತ್ತಾಗುದಿಲ್ಲ ಮಾರಾಯ್ರೆ. ಬೆಳಿಗ್ಗೆ ವ್ಯಾಪಾರ ಮುಗಿದ ಕೂಡ್ಲೆ ಪೈಪ್ ಹಿಡಿದು ನೀರು ಬಿಡುದು. ಆ ನೀರು ಎಲ್ಲ ಅಂಗಡಿಯ ರಕ್ತ, ಬಂಗುಡೆ ಪೊಡಿ, ಐಸಿನ ನೀರು ಎಲ್ಲ ಸೇರಿಸಿಕೊಂಡು ಒಂದೇ ಚರಂಡಿಗೆ ಹೋಗ್ತದೆ. ನೀವು ಚರಂಡಿಯಲ್ಲಿ ಹತ್ತಿ ಅದ್ದಿ ತೆಗೆದ್ರೆ ಅದರಲ್ಲಿ ಬಂಗುಡೆಯೂ ಇರ್ತದೆ, ಕೋಳಿಯೂ ಇರ್ತದೆ, ಉಗುಳಿದವನ ಎಂಜಲೂ ಇರ್ತದೆ. ಒಟ್ಟಿಗೆ ಸಿಕ್ಕಿದೆ ಅಂತ ಒಂದರಿಂದ ಒಂದಕ್ಕೆ ಬಂತು ಅಂತ ಹೇಳ್ಲಿಕ್ಕೆ ಬರುದಿಲ್ಲ. ಇದು ನಿಮ್ಮ ಮಾತಿಗೂ ಆಗ್ತದೆ, ಅಕ್ಕನ ಮಾತಿಗೂ ಆಗ್ತದೆ.

ಅನುಕ್ರಮ
ಬೂತಾಯಿ ಅವ್ರೇ, ನೂರಕ್ಕೆ ನೂರು ಒಪ್ತೀನಿ. ಬ್ಲೂಮ್ ಕೂಡ ಅದನ್ನೇ ಹೇಳಿದ್ದು, ಈ ಡೇಟಾದಿಂದ ಪ್ರಾಣಿಗೆ ಸೋಂಕಿತ್ತು ಅಂತ್ಲೂ ಇರ್ಲಿಲ್ಲ ಅಂತ್ಲೂ ಸಾಬೀತು ಮಾಡೋಕಾಗಲ್ಲ ಅಂತ. ಕಾಡುಪ್ರಾಣಿ ಅಂಗಡಿಗಳಿಂದ ಹೆಚ್ಚಿನ ಸ್ವ್ಯಾಬ್ ತಗೊಂಡಿದ್ದು ಜನವರಿ 12ಕ್ಕೆ, ಅಂದ್ರೆ ಮುಚ್ಚಿ ಹನ್ನೊಂದು ದಿನ ಆದ್ಮೇಲೆ, ನಡುವೆ ಕ್ರಿಮಿನಾಶಕ ಬೇರೆ ಹೊಡೆದಿದ್ರು. ವೈರಸ್ಸಿನ ಆರ್‌ಎನ್‌ಎ ಬೇಗ ಹಾಳಾಗುತ್ತೆ, ಪ್ರಾಣಿಯ ಡಿಎನ್ಎ ಹೆಚ್ಚು ದಿನ ಉಳಿಯುತ್ತೆ. ಹಾಗಾಗಿ ಸಿಗದೇ ಇದ್ದಿದ್ದಕ್ಕೆ ತುಂಬ ಅರ್ಥ ಹಚ್ಚೋಕೆ ನನಗೆ ಧೈರ್ಯ ಇಲ್ಲ, ಸಿಕ್ಕಿದ್ದಕ್ಕೂ ಇಲ್ಲ.

ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ ಸ್ವ್ಯಾಬ್ ಅಲ್ಲ, ಮನುಷ್ಯರು. 2019ರ ಡಿಸೆಂಬರ್‌ನಲ್ಲಿ ಕಾಯಿಲೆ ಬಿದ್ದವರಲ್ಲಿ ಎಲ್ಲಿ ಓಡಾಡಿದ್ರು ಅಂತ ಗೊತ್ತಿರೋ 168 ಜನರಲ್ಲಿ 55 ಜನಕ್ಕೆ ಈ ಒಂದೇ ಮಾರ್ಕೆಟ್ಟಿನ ನಂಟು. ಒಂದು ಕೋಟಿ ದಾಟಿದ ಜನ ಇರೋ ಊರು ಅದು. ಮೈಕಲ್ ವೊರೊಬಿ ಅನ್ನೋ ವಿಜ್ಞಾನಿಯ ತಂಡ 2022ರಲ್ಲಿ ಮನೆಗಳನ್ನ ಮ್ಯಾಪ್ ಮೇಲೆ ಇಟ್ಟು ನೋಡಿದಾಗ, ಮಾರ್ಕೆಟ್ಟಿಗೆ ಕಾಲೇ ಇಟ್ಟಿಲ್ಲ ಅಂದವರ ಮನೆಗಳೂ ಮಾರ್ಕೆಟ್ಟಿನ ಸುತ್ತಾನೇ ಗುಂಪಾಗಿದ್ವು. ನೀವು ಹೇಳೋ ಲ್ಯಾಬ್, ಅಂದ್ರೆ ವುಹಾನ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ, ಇರೋದು ಯಾಂಗ್ಟ್ಸೀ ನದಿಯ ಆಚೆ ದಡದಲ್ಲಿ, ಅದರ ಸುತ್ತ ಹಾಗೆ ಗುಂಪು ಕಾಣ್ಲಿಲ್ಲ.

ಹುಬ್ಬಳ್ಳಿ ಮಂದಿ
ಮಾರ್ಕೆಟ್ಟಿನ ಸುತ್ತ ಹುಡುಕಿದ್ರ ಮಾರ್ಕೆಟ್ಟಿನ ಸುತ್ತಾನ ಸಿಗ್ತಾರ್ರಿ. ಮೊದಲಿಗೆ ಕೇಸ್ ಅಂತ ಬರ್ಕೊಳ್ಳಾಕ ಮಾರ್ಕೆಟ್ ಸಂಬಂಧ ಇರಬೇಕು ಅಂತ ನಿಯಮ ಇಟ್ಟಿದ್ರು, ಅದನ್ನ ಯಾಕ ಮರೀತೀರಿ? ಇನ್ನೊಂದು ಮಾತು. ನದಿ ಆಚೆ ಲ್ಯಾಬ್ ಅಂದ್ರಿ, ಆದ್ರ ವುಹಾನ್ ಸಿಡಿಸಿ ಲ್ಯಾಬ್ 2019 ಡಿಸೆಂಬರ್ 2ಕ್ಕ ಮಾರ್ಕೆಟ್ಟಿನ ಮಗ್ಗಲಿಗೇ ಸ್ಥಳಾಂತರ ಆಗೇತಿ, ಡಬ್ಲ್ಯೂಎಚ್‌ಒ ವರದಿಯೊಳಗ ಐತಿ ಇದು. 2018ರಾಗ ಡಿಫ್ಯೂಸ್ ಅಂತ ಒಂದು ಪ್ರಪೋಸಲ್ ಬರದಿದ್ರು, ಅದರಾಗ ವುಹಾನಿನ ವೈರಾಲಜಿ ಸಂಸ್ಥೆನೂ ಪಾಲುದಾರ, ಬಾವಲಿ ವೈರಸ್ಸಿಗೆ ಫ್ಯೂರಿನ್ ಕತ್ತರಿಸೋ ಜಾಗ (ಜೀವಕೋಶದೊಳಗ ಹೊಗಾಕ ವೈರಸ್ಸಿಗೆ ಅನುಕೂಲ ಮಾಡೋ ಭಾಗ) ಸೇರಿಸಿ ನೋಡ್ತೀವಿ ಅಂತ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ರೊಕ್ಕ ಕೊಡಲಿಲ್ಲ, ಖರೆ. ಆದ್ರ ಮುಂದ ಒಂದೂವರೆ ವರ್ಷಕ್ಕ ಅದ ಊರಾಗ ಫ್ಯೂರಿನ್ ಜಾಗ ಇರೋ ವೈರಸ್ ಬಂತು. ಆ ವಂಶದ ಬ್ಯಾರೆ ಯಾವ ಬಾವಲಿ ವೈರಸ್ಸಿನಾಗೂ ಅದು ಸಿಕ್ಕಿಲ್ಲ. ಇದನ್ನ ಕೇಳಿದ್ರ ಹುಚ್ಚ ಅಂತೀರಿ.

ಅನುಕ್ರಮ
ಹುಚ್ಚ ಅಂತ ನಾನು ಯಾವತ್ತೂ ಅನ್ನಲ್ಲ. ಹಾಗೆ ಅಂದವರಿಂದಾನೇ ಈ ವಿಷಯ ಇಷ್ಟು ಕೆಟ್ಟುಹೋಗಿದ್ದು, 2020ರಲ್ಲಿ ಲ್ಯಾಬ್ ಹೆಸರು ಎತ್ತಿದವರನ್ನೆಲ್ಲ ಬಾಯಿ ಮುಚ್ಚಿಸಿದ್ದು ತಪ್ಪು. ಆದ್ರೆ ಲೆಕ್ಕ ನೋಡಿ. ಈ ವೈರಸ್ಸಿನ ಜೀನೋಮ್ ಸುಮಾರು 30 ಸಾವಿರ ಅಕ್ಷರ. ಆ ಲ್ಯಾಬಿನವರು ಪ್ರಕಟಿಸಿದ್ದರಲ್ಲಿ ತೀರಾ ಹತ್ತಿರದ್ದು ಆರ್‌ಎಟಿಜಿ13, ಯುನ್ನಾನ್ ಪ್ರಾಂತ್ಯದ ಮೋಜಿಯಾಂಗ್ ಗಣಿಯಿಂದ 2013ರಲ್ಲಿ ತಂದಿದ್ದು, ಹೋಲಿಕೆ 96.2%. ಕೇಳೋಕೆ ಪಕ್ಕದ್ಮನೆ ಅನ್ನಿಸುತ್ತೆ, ಆದ್ರೆ ಉಳಿದ ನಾಲ್ಕು ಪರ್ಸೆಂಟು ಅಂದ್ರೆ ಸಾವಿರದ ನೂರಕ್ಕೂ ಹೆಚ್ಚು ಅಕ್ಷರ ಬೇರೆ, ಅವೂ ಜೀನೋಮ್ ಉದ್ದಕ್ಕೂ ಚದುರಿಕೊಂಡಿವೆ. ಅಷ್ಟು ವ್ಯತ್ಯಾಸ ತಾನಾಗಿ ಬರೋಕೆ ದಶಕಗಳು ಬೇಕು. ಅದರಿಂದ ಇದನ್ನ ಮಾಡಿದ್ರು ಅನ್ನೋಕೆ ಆಗಲ್ಲ. ಇನ್ನೂ ಹತ್ತಿರದ್ದು ಸಿಕ್ಕಿದ್ದು ಲಾವೋಸಿನಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಅಲ್ಲಿನವರ ಜೊತೆ ಸೇರಿ ಸುಣ್ಣದಕಲ್ಲಿನ ಗುಹೆಗಳ ಕುದುರೆಲಾಳದ ಬಾವಲಿಗಳಲ್ಲಿ ಕಂಡಿದ್ದು, ಬನಾಲ್-52, 96.8%. ಮನುಷ್ಯನ ಜೀವಕೋಶಕ್ಕೆ ಅಂಟ್ಕೊಳ್ಳೋ ಭಾಗ ಹೆಚ್ಚುಕಡಿಮೆ ನಮ್ಮ ವೈರಸ್ಸಿನ ಹಾಗೇ ಇರೋವೂ ಆ ಬಾವಲಿಗಳಲ್ಲಿ ಸಿಕ್ಕಿವೆ. ಅದನ್ನ ಯಾರೂ ಲ್ಯಾಬಲ್ಲಿ ಕೂತು ಹೊಲಿದಿಲ್ಲ, ಬಾವಲಿಯಲ್ಲೇ ಇತ್ತು.

ಫ್ಯೂರಿನ್ ವಿಷಯ ನೀವು ಹೇಳಿದ್ದು ಸರಿ, ಆ ಹತ್ತಿರದ ವಂಶದಲ್ಲಿ ಸಿಕ್ಕಿಲ್ಲ. ದೂರದ ನೆಂಟರಲ್ಲಿ ಇದೆ, ಒಂಟೆಯಿಂದ ಜನಕ್ಕೆ ಬರೋ ಮರ್ಸ್‌ ವೈರಸ್‌ನಲ್ಲಿದೆ, ಮಾಮೂಲಿ ನೆಗಡಿ ತರೋ ಒಸಿ43ನಲ್ಲಿದೆ. ಬೇರೆಬೇರೆ ಕಡೆ ಬೇರೆಬೇರೆಯಾಗಿ ಹುಟ್ಕೊಂಡಿದೆ ಅಂದ್ಮೇಲೆ ಇಲ್ಲೂ ಹುಟ್ಟಬಹುದು ಅಂತ ನನ್ನ ವಾದ. ಪ್ರಕಟಿಸದೇ ಇಟ್ಕೊಂಡ ವೈರಸ್ ಇತ್ತಾ ಅಂದ್ರೆ, ಅವರ ಫ್ರೀಜರ್ ಪಟ್ಟಿ, ನೋಟ್‌ಬುಕ್ ತೋರಿಸೋ ತನಕ ಹೊರಗಿನವರು ಯಾರೂ ಅದಕ್ಕೆ ಉತ್ತರ ಹೇಳೋಕಾಗಲ್ಲ. ಅವರ ಆನ್‌ಲೈನ್ ಡೇಟಾಬೇಸ್ 2019ರ ಸೆಪ್ಟೆಂಬರ್‌ನಲ್ಲೇ ತೆಗೆದುಹಾಕಿದಾರೆ. ಅದು ನನಗೂ ಚುಚ್ಚುತ್ತೆ.

ಮಾರ್ಕೆಟ್ ಸಂಬಂಧ ಇದ್ದವರನ್ನೇ ಹುಡುಕಿದ್ರು ಅನ್ನೋದಕ್ಕೆ ಒಂದು ಮಾತು. ಡಿಸೆಂಬರ್ ಕೊನೆಗೆ ಮೊದಲು ಅನುಮಾನ ಪಟ್ಟು ವರದಿ ಮಾಡಿದ ಝಾಂಗ್ ಜಿಕ್ಸಿಯಾನ್ ಅನ್ನೋ ಡಾಕ್ಟರ್ ಹತ್ರ ಬಂದಿದ್ದ ಮೊದಲ ವಯಸ್ಸಾದ ದಂಪತಿಗೆ ಮಾರ್ಕೆಟ್ ನಂಟೇ ಇರ್ಲಿಲ್ಲ, ಆ ಡಾಕ್ಟರ್ ಸಿಟಿ ಸ್ಕ್ಯಾನ್ ನೋಡಿ ಹಿಡಿದ್ರು. ಆಮೇಲೆ ಮಾರ್ಕೆಟ್ಟಿನವರು ಬರೋಕೆ ಶುರುವಾದ್ರು. ಹಾಗಂತ ನೀವು ಹೇಳೋ ಓರೆ ಇರ್ಲೇ ಇಲ್ಲ ಅನ್ನಲ್ಲ, ಅದೊಂದರಿಂದ್ಲೇ ಇಡೀ ಮ್ಯಾಪು ಹುಟ್ಟಿತು ಅನ್ನೋದನ್ನ ಮಾತ್ರ ಒಪ್ಪಲ್ಲ.

ಮಂಡ್ಯದ ಮಗ
ಎಲ್ರೂ ಓದ್ಕೊಂಡಿದೀರ, ಸಂತೋಷ. ನಮ್ಮಪ್ಪ 2021ರ ಮೇ ತಿಂಗಳಲ್ಲಿ ಹೋದ್ರು. ಆಕ್ಸಿಜನ್ ಬೆಡ್ ಹುಡುಕ್ಕೊಂಡು ರಾತ್ರಿಯಿಡೀ ಮೂರು ಕಡೆ ಅಲೆದೆ ಕಣ್ರಪ್ಪ, ಆಟೋದಲ್ಲೇ ಕೈ ತಣ್ಣಗಾಯ್ತು. ಮುಖ ತೋರ್ಸಿದ್ದೂ ಪ್ಲಾಸ್ಟಿಕ್ ಒಳಗಿಂದ. ರಕೂನ್ ನಾಯಿಯಿಂದ ಬಂತೋ ಲ್ಯಾಬಿಂದ ಬಂತೋ ಗೊತ್ತಾದ್ರೆ ನಮ್ಮಪ್ಪ ವಾಪಸ್ ಬರ್ತಾರಾ? ಐದಾರು ವರ್ಷ ಆಯ್ತು, ಇನ್ನೂ ಯಾಕೆ ಇದನ್ನ ಕೆದಕ್ತೀರ ಅಂತ ನಿಜವಾಗ್ಲೂ ಕೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ.

ದನದ ಡಾಕ್ಟ್ರು
ಮಗಾ, ನಿಮ್ಮ ತಂದೆ ವಿಷಯ ಓದಿ ತುಂಬ ನೋವಾಯ್ತು. ಬೇಜಾರು ಮಾಡ್ಕೊಳ್ಳೋ ಮಾತೇ ಇಲ್ಲ, ಕೇಳೋ ಹಕ್ಕು ನಿಮಗಿದೆ.

ಯಾಕೆ ಕೆದಕಬೇಕು ಅಂದ್ರೆ, ನಾನು ನೋಡಿದ್ದನ್ನೇ ಹೇಳ್ತೀನಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ವು, ಹಿಂದೆಯೇ ಊರಿನ ಜನ ಜ್ವರ ಬಂದು ಮಲಗಿದ್ರು. ಮೊದಲು ಹಳದಿ ಜ್ವರ ಭಾರತಕ್ಕೆ ಬಂದ್ಬಿಡ್ತೇನೋ ಅಂತ ಹೆದರಿದ್ರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗದಿಂದ ವೈರಸ್ ತೆಗೆದ್ರು, ಹರಡೋದು ಉಣುಗು ಅಂತ ಪತ್ತೆ ಹಚ್ಚಿದ್ರು. ಅಷ್ಟು ಗೊತ್ತಾಗಿದ್ದಕ್ಕೇ ಕಾಡಿಗೆ ಹೋಗೋ ಮುಂಚೆ ಮೈಗೆ ಎಣ್ಣೆ ಹಚ್ಚಿ, ಬಂದ್ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಮಂಗ ಸತ್ತರೆ ಮುಟ್ಟಬೇಡಿ ಫೋನ್ ಮಾಡಿ ಅಂತ ಹೇಳೋಕಾಗೋದು. ಎಷ್ಟೋ ಮನೆಗಳಲ್ಲಿ ಅಪ್ಪಂದಿರು ಉಳಿದಿದ್ದು ಆ ಹುಡುಕಾಟದಿಂದ. ಮೂಲ ಗೊತ್ತಿಲ್ಲದಿದ್ರೆ ಜನ ಕೈಗೆ ಸಿಕ್ಕಿದ್ದನ್ನ ಹೊಡೀತಾರೆ. 2020ರಲ್ಲಿ ಬಾವಲಿ ಇರೋ ಆಲದಮರ ಕಡಿಸಿ ಅಂತ ನನಗೇ ಎಷ್ಟು ಜನ ಫೋನ್ ಮಾಡಿದ್ರು.

ಕುಡ್ಲದ ಬೂತಾಯಿ
ಹೌದು ಡಾಕ್ಟ್ರೆ. ನಮ್ಮ ಪಕ್ಕದ ಕೇರಳದಲ್ಲಿ 2018ರಲ್ಲಿ ನಿಪಾ ಬಂದಾಗ ಮೊದಲು ಬಾವಿಯಲ್ಲಿದ್ದ ಬಾವಲಿ ಹಿಡಿದು ಟೆಸ್ಟ್ ಮಾಡಿದ್ರು, ಅವು ಹುಳ ತಿನ್ನುವ ಜಾತಿ, ನೆಗೆಟಿವ್ ಬಂತು. ಕೂಡ್ಲೆ ಎಲ್ಲರೂ ಬಾವಲಿ ಅಲ್ಲವೇ ಅಲ್ಲ ಅಂತ ಸುರು ಮಾಡಿದ್ರು. ಆಮೇಲೆ ಹಣ್ಣು ತಿನ್ನುವ ದೊಡ್ಡ ಬಾವಲಿ ಹಿಡಿದಾಗ ಸಿಕ್ಕಿತು. ಸರಿಯಾದ ಪ್ರಾಣಿ ಸರಿಯಾದ ಟೈಮಿಗೆ ಸಿಗ್ಬೇಕು.

ಹುಬ್ಬಳ್ಳಿ ಮಂದಿ
ತಮ್ಮಾ ಮಂಡ್ಯದವರ, ನಮ್ಮ ಕಾಕಾನೂ ಅದ ತಿಂಗಳಾಗ ಹೋದ್ರು. ನಾ ಇಷ್ಟು ಜಗ್ಗಾಡೋದು ಅದಕ್ಕ. ಯಾರರ ತಪ್ಪು ಮಾಡಿದ್ರ ಅದು ಮುಚ್ಚಿ ಹೋಗಬಾರದು.

ಡಾಕ್ಟ್ರ, ಒಂದು ಕೇಳ್ತೀನಿ ನಿಮಗ. 2003ರ ಸಾರ್ಸ್‌ಗೆ (ಅದೂ ಕೊರೊನಾ ಜಾತಿ ವೈರಸ್ಸಿನ ರೋಗ) ಪ್ರಾಣಿ ಕೆಲವು ತಿಂಗಳದಾಗ ಸಿಕ್ತಲ್ಲ? ಆಗಿನಕಿಂತ ಈಗ ಮಷೀನ್ ನೂರು ಪಟ್ಟು ಚಲೋ ಅದಾವ. ಈಗ ಯಾಕ ಸಿಗಲಿಲ್ಲ?

ದನದ ಡಾಕ್ಟ್ರು
ಬಹಳ ಒಳ್ಳೇ ಪ್ರಶ್ನೆ, ಟೀಚರಿಗೂ ಇದರಲ್ಲೇ ಉತ್ತರ ಇದೆ ಅನ್ಸುತ್ತೆ. ಸಾರ್ಸ್ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಶುರುವಾಗಿದ್ದು 2002ರ ನವೆಂಬರ್. ಗುವಾನ್ ಯಿ ಅನ್ನೋ ವೈರಸ್ ತಜ್ಞರ ತಂಡ ಅಲ್ಲಿನ ಶೆನ್‌ಝೆನ್ ಮಾರ್ಕೆಟ್ಟಿಗೆ ಹೋಗಿದ್ದು 2003ರ ಮೇ. ಆರು ತಿಂಗಳಾದ್ರೂ ಮಾರ್ಕೆಟ್ ತೆರೆದೇ ಇತ್ತು, ಪ್ರಾಣಿಗಳು ಪಂಜರದಲ್ಲೇ ಇದ್ವು! ಬರೀ 25 ಪ್ರಾಣಿ ಪರೀಕ್ಷೆ ಮಾಡಿದ್ರು, ಪುನುಗು ಬೆಕ್ಕುಗಳಲ್ಲಿ ವೈರಸ್ ಸಿಕ್ತು, ಒಂದು ರಕೂನ್ ನಾಯಿಯಲ್ಲೂ ಸಿಕ್ತು. ಹಳೇ ಮಷೀನಲ್ಲೇ ಸಿಕ್ತು. 2020ರಲ್ಲಿ ಮಷೀನ್ ಇತ್ತು, ಪ್ರಾಣಿ ಇರ್ಲಿಲ್ಲ. ಮಾರ್ಕೆಟ್ ಮುಚ್ಚಿದ್ದು ಜನರ ಪ್ರಾಣ ಉಳಿಸೋಕೆ ಸರಿಯೇ, ಆದ್ರೆ ಮುಚ್ಚೋದಕ್ಕೂ ಮಾದರಿ ತೆಗೆಯೋದಕ್ಕೂ ನಡುವೆ ವುಹಾನಿನ ಆ ಮಾರ್ಕೆಟ್ಟಲ್ಲಿ ಕಾಡುಪ್ರಾಣಿ ಮಾರ್ತಿದ್ದ ಹತ್ತು ಅಂಗಡಿಗಳ ಪ್ರಾಣಿ ಎಲ್ಲಿಗೆ ಹೋದ್ವು ಅಂತ ಯಾರೂ ಬರೆದಿಟ್ಟಿದ್ದು ಹೊರಗೆ ಬಂದಿಲ್ಲ. ಫೆಬ್ರುವರಿ 24ಕ್ಕೆ ಕಾಡುಪ್ರಾಣಿ ತಿನ್ನೋ ವ್ಯಾಪಾರವನ್ನೇ ದೇಶಾದ್ಯಂತ ನಿಷೇಧ ಮಾಡಿದ್ರು, ಸಾಕಣೆ ಕೇಂದ್ರಗಳು ಬಾಗಿಲು ಹಾಕಿದ್ವು. ನಾನಾಗಿದ್ರೆ ಮೊದಲು ಆ ಅಂಗಡಿಗಳಿಗೆ ಸಪ್ಲೈ ಮಾಡ್ತಿದ್ದ ಫಾರ್ಮ್‌ಗಳಿಗೆ ಓಡ್ತಿದ್ದೆ, ಪ್ರಾಣಿಗಳ ರಕ್ತ ತೆಗೆದು ಆ್ಯಂಟಿಬಾಡಿ (ಸೋಂಕು ಬಂದುಹೋದ ಗುರುತು) ನೋಡ್ತಿದ್ದೆ, ಸಾಕೋ ಜನರ ರಕ್ತವನ್ನೂ ನೋಡ್ತಿದ್ದೆ. ವೈರಸ್ ಹೋದ್ರೂ ಆ್ಯಂಟಿಬಾಡಿ ತಿಂಗಳುಗಟ್ಟಲೆ ಉಳಿಯುತ್ತೆ. ಮರ್ಸ್‌ಗೆ ಒಂಟೆ ಕಾರಣ ಅಂತ ಗೊತ್ತಾಗಿದ್ದೂ ರಕ್ತದಿಂದಲೇ, 1983ರಲ್ಲಿ ಆಫ್ರಿಕಾದಲ್ಲಿ ತೆಗೆದಿಟ್ಟಿದ್ದ ಒಂಟೆ ರಕ್ತದಲ್ಲೂ ಆ್ಯಂಟಿಬಾಡಿ ಇತ್ತು.

ಹುಬ್ಬಳ್ಳಿ ಮಂದಿ
ಇದು ಬರೋಬ್ಬರಿ ಮಾತು. ಆದ್ರ ಫಾರ್ಮಿನ ರಕ್ತ ಚೀನಾದವರಿಗೇ ಸಿಗ್ತಿತ್ತಲ್ಲ. ಪ್ರಾಣಿಯಿಂದ ಬಂತು ಅಂದ್ರ ಲ್ಯಾಬ್ ಮ್ಯಾಲಿನ ಅಪವಾದ ಹೋಗ್ತದ, ಅವರಿಗೇ ಲಾಭ. ಹಂಗಿದ್ರೂ ಯಾಕ ಹುಡುಕಲಿಲ್ಲ?

ಅನುಕ್ರಮ
ಅವರಿಗೆ ಎರಡೂ ಬೇಕಿರ್ಲಿಲ್ಲ ಅಂತ ನನ್ನ ಅನಿಸಿಕೆ. ಲ್ಯಾಬಿಂದ ಬಂದ್ರೂ ಕೆಟ್ಟ ಹೆಸರು, 2003ರ ಪಾಠ ಆದ್ಮೇಲೂ ಅದೇ ಪ್ರಾಣಿಗಳನ್ನ ಅದೇ ಥರ ಮಾರೋಕೆ ಬಿಟ್ಟಿದ್ರು ಅಂದ್ರೂ ಕೆಟ್ಟ ಹೆಸರು. ಫ್ರೀಜರ್ ಮೀನಿನ ಪ್ಯಾಕೆಟ್ ಮೇಲೆ ಹೊರದೇಶದಿಂದ ಬಂತು ಅನ್ನೋ ವಾದಕ್ಕೆ ಅವರು ಅಷ್ಟು ಒತ್ತು ಕೊಟ್ಟಿದ್ದು ಅದಕ್ಕೇ. ಮಾರ್ಕೆಟ್ಟಿನ ಸ್ವ್ಯಾಬ್ ಡೇಟಾ ಕೂಡ ಮೂರು ವರ್ಷ ಹೊರಗೆ ಬರ್ಲಿಲ್ಲ. 2023ರಲ್ಲಿ ಫ್ಲಾರೆನ್ಸ್ ಡೆಬಾರ್ ಅನ್ನೋ ಫ್ರೆಂಚ್ ವಿಜ್ಞಾನಿ ಅಂತರರಾಷ್ಟ್ರೀಯ ಡೇಟಾಬೇಸಲ್ಲಿ ಅಕಸ್ಮಾತ್ ನೋಡಿ ಇಳಿಸ್ಕೊಂಡ್ರು, ಅವರ ತಂಡ ಚೀನಾದವರನ್ನ ಸಂಪರ್ಕ ಮಾಡಿದ ಮೇಲೆ ಅದು ಅಲ್ಲಿಂದ ಮಾಯ ಆಯ್ತು. ಅಷ್ಟರಲ್ಲಿ ರಕೂನ್ ನಾಯಿ ಡಿಎನ್ಎ ಇರೋದು ಕಣ್ಣಿಗೆ ಬಿದ್ದಿತ್ತು. ಮುಚ್ಚಿಟ್ಟಿದ್ದು ಲ್ಯಾಬಿನ ಗುಟ್ಟು ಮಾತ್ರ ಅಂತ ಯಾಕೆ ಅಂದ್ಕೋಬೇಕು, ಮಾರ್ಕೆಟ್ಟಿನ ಗುಟ್ಟೂ ಮುಚ್ಚಿಟ್ಟಿದಾರೆ.

ಹುಬ್ಬಳ್ಳಿ ಮಂದಿ
ಆ ಕಡೆಯಿಂದ ವಿಚಾರ ಮಾಡಿರಲಿಲ್ಲ ನಾ. ಎರಡೂ ಕಡೆ ಮುಚ್ಯಾರ ಅನ್ನೋದು ನನಗೂ ಒಪ್ಪಿಗಿ ಐತಿ. ಲ್ಯಾಬ್ ನೋಟ್‌ಬುಕ್ ನೋಡೋತನಕ ನನ್ನ ಅನುಮಾನ ಬಿಡಂಗಿಲ್ಲ, ಆದ್ರ 457ರ ಲೆಕ್ಕ ಇನ್ನ ಮ್ಯಾಲೆ ಎಲ್ಲೂ ಹೇಳಂಗಿಲ್ಲ, ಅದು ತಪ್ಪು ತಿಳಕೊಂಡಿದ್ದೆ.

ಮಂಡ್ಯದ ಮಗ
ಎಲ್ಲಾನೂ ಓದ್ದೆ, ಎರಡು ಸಲ ಓದ್ದೆ. ಡಾಕ್ಟ್ರೇ, ಒಂದು ಕೇಳ್ಲಾ? ಆ ರಕೂನ್ ನಾಯಿಗಳಿಗೆ ಕಾಯಿಲೆ ಬಂದಿದ್ರೆ ಅಂಗಡಿಯವನಿಗೆ ಗೊತ್ತಾಗ್ತಿರ್ಲಿಲ್ವಾ? ನಮ್ಮ ಹಸುಗೆ ಕಾಲುಬಾಯಿ ಜ್ವರ ಬಂದ್ರೆ ಬೆಳಿಗ್ಗೆ ಕೊಟ್ಟಿಗೆಗೆ ಕಾಲಿಟ್ಟ ತಕ್ಷಣ ಗೊತ್ತಾಗುತ್ತೆ, ಜೊಲ್ಲು ಸುರಿಸ್ಕೊಂಡು ನಿಂತಿರುತ್ತೆ.

ದನದ ಡಾಕ್ಟ್ರು
ಅಲ್ಲೇ ಇರೋದು ಕಷ್ಟ. ಜರ್ಮನಿಯ ಪಶುರೋಗ ಸಂಸ್ಥೆಯವರು 2020ರಲ್ಲಿ ರಕೂನ್ ನಾಯಿಗಳ ಮೂಗಿಗೆ ವೈರಸ್ ಹಾಕಿ ನೋಡಿದ್ರು. ಸೋಂಕು ಹಿಡೀತು, ಪಕ್ಕದ ಪಂಜರದ ಪ್ರಾಣಿಗೂ ಹರಡ್ತು, ಆದ್ರೆ ಹೇಳ್ಕೊಳ್ಳೋ ಅಂಥ ಲಕ್ಷಣ ಯಾವುದೂ ಕಾಣ್ಲಿಲ್ಲ. ಕೆಮ್ಮಿಲ್ಲ, ಜ್ವರ ಇಲ್ಲ, ಸ್ವಲ್ಪ ಮಂಕಾಗಿದ್ದವು ಅಷ್ಟೆ. ಪಂಜರದಲ್ಲಿ ಮಾರೋಕಿಟ್ಟ ಪ್ರಾಣಿ ಮಂಕಾಗಿದ್ರೆ ಯಾರು ನೋಡ್ತಾರೆ. ನಮ್ಮ ಮಂಗ ಸತ್ತು ಬಿದ್ದು ಸುದ್ದಿ ಕೊಡುತ್ತೆ, ಅದು ಸುದ್ದಿ ಕೊಡ್ಲಿಲ್ಲ.

ತುಂಗಾತೀರ
ಎಲ್ಲರಿಗೂ ಕೈ ಮುಗೀತೀನಿ. ಇವತ್ತು ಕ್ಲಾಸಲ್ಲಿ ಬೋರ್ಡ್ ಮೇಲೆ ಮಾರ್ಕೆಟ್ ಚಿತ್ರ ಬರೆದು ಪಂಜರ, ತಳ್ಳುಗಾಡಿ, ಚರಂಡಿ ಎಲ್ಲ ಹಾಕಿ, ಯಾವ ತಾರೀಕು ಏನಾಯ್ತು ಅಂತ ಪಕ್ಕದಲ್ಲಿ ಬರೆದೆ. ಪಂಜರದ ಒಳಗೆ ಮಾತ್ರ ಖಾಲಿ ಬಿಟ್ಟೆ. ಆ ಹುಡುಗಿಗೆ ಹೇಳಿದೆ, ಆ ಪ್ರಾಣಿಗಳು ಏನಾದ್ವು ಅಂತ ಗೊತ್ತಿರೋರು ಹೇಳಿಲ್ಲ, ಟೆಸ್ಟ್ ಮಾಡಿದ್ದು ಬೇರೆ ಪ್ರಾಣಿಗಳನ್ನ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು "ಮಾರ್ತಿದ್ದೋರು ಬದುಕಿದ್ರೆ ಅವರನ್ನ ಕೇಳ್ಬಹುದಲ್ಲ ಮಿಸ್" ಅಂದ್ಲು. ಡಾಕ್ಟ್ರೇ, ಅವರ ರಕ್ತ ಯಾರಾದ್ರೂ ತೆಗೆದಿಟ್ಟಿದಾರಾ ಅಂತ ಅವಳಿಗೆ ಏನು ಹೇಳ್ಲಿ?